ಸೋಯಾಬೀನ್‌ಗೆ ಬರೀ ತಿಪ್ಪೆಗೊಬ್ಬರ ಸಾಕಾಗುತ್ತದೆಯೇ?

ಪ್ರಶ್ನೆ: ಧಾರವಾಡ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಎರೆ ಹೊಲ. ಪ್ರತಿ ಮುಂಗಾರಿಗೆ ಸೋಯಾಬೀನ್ ಬಿತ್ತುತ್ತೇವೆ. ಎಕರೆಗೆ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ರಾಸಾಯನಿಕ ಗೊಬ್ಬರ), ಆಮೇಲೆ ಯೂರಿಯಾ ಕೊಡುತ್ತೇವೆ. ಬೆಳೆ ಸೊಕ್ಕಿ ಬೆಳೆಯುತ್ತದೆ, ಕಾಯಿ ಮಾತ್ರ ಕಡಿಮೆ. ಮನೆಯಲ್ಲಿ ಎರಡು ಎತ್ತು, ಒಂದು ಎಮ್ಮೆ ಇವೆ. ಈ ಸಲ ಸರಕಾರಿ (ರಾಸಾಯನಿಕ) ಗೊಬ್ಬರ ಪೂರ್ತಿ ಬಿಟ್ಟು ತಿಪ್ಪೆಗೊಬ್ಬರ, ಜೀವಾಮೃತದಲ್ಲೇ (ಸಗಣಿ, ಗಂಜಲ, ಬೆಲ್ಲ, ಹಿಟ್ಟು ಕಲಸಿ ಹುಳಿಸಿದ ದ್ರವ) ಬೆಳೆಯಬಹುದೇ? ಇಳುವರಿ ಬೀಳುತ್ತದೆಯೇ?

ಉತ್ತರ: ಸಾರಜನಕ ಕೊಡುವ ಯೂರಿಯಾವನ್ನು ಈ ವರ್ಷವೇ ಬಿಡಿ, ಅದಕ್ಕೆ ಯೋಚನೆ ಬೇಡ. ಸೋಯಾಬೀನ್ ತನಗೆ ಬೇಕಾದ ಸಾರಜನಕದ ಬಹುಪಾಲನ್ನು ಬೇರುಗಂಟಿನಲ್ಲಿರುವ ರೈಜೋಬಿಯಂ ಎಂಬ ಸೂಕ್ಷ್ಮಾಣುಜೀವಿಯ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ಮೇಲೆ ಯೂರಿಯಾ ಬಿದ್ದರೆ ಗಂಟು ಕಟ್ಟುವುದು ಕಡಿಮೆಯಾಗಿ ಎಲೆಯಷ್ಟೇ ಸೊಕ್ಕುತ್ತದೆ. ನಿಮ್ಮ ಹೊಲದಲ್ಲೂ ಬಹುಶಃ ಇದೇ ಆಗುತ್ತಿದೆ.

ಖಾತ್ರಿ ಮಾಡಿಕೊಳ್ಳಲು, ಬೆಳೆ ಹೂವಿಗೆ ಬಂದಾಗ, ಅಂದರೆ 35–40 ದಿನಕ್ಕೆ, ನಾಲ್ಕಾರು ಕಡೆ ಗಿಡ ತೆಗೆದು ನೋಡಿ. ಕಿತ್ತರೆ ಗಂಟು ಮಣ್ಣಿನಲ್ಲೇ ಉಳಿಯುತ್ತವೆ. ಸಲಿಕೆಯಿಂದ ಮಣ್ಣುಸಮೇತ ಎಬ್ಬಿಸಿ, ಬಕೆಟ್ ನೀರಿನಲ್ಲಿ ಅದ್ದಿ ತೊಳೆಯಿರಿ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಕೆಂಪಗಿದ್ದರೆ ಅದು ಕೆಲಸ ಮಾಡುತ್ತಿದೆ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಇಲ್ಲ.

ಗಂಟು ಚೆನ್ನಾಗಿ ಕಟ್ಟಲು ಬೀಜೋಪಚಾರ ಬೇಕೇ ಬೇಕು. ಸೋಯಾಬೀನ್‌ಗೆಂದೇ ತಯಾರಿಸಿದ ರೈಜೋಬಿಯಂ ಕೇಳಿ ತನ್ನಿ, ಶೇಂಗಾದ್ದು ಇದಕ್ಕೆ ನಡೆಯುವುದಿಲ್ಲ. ಆರಿದ ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಗುರವಾಗಿ ಸವರಿ. ಒತ್ತಿ ಉಜ್ಜಬೇಡಿ, ಈ ಬೀಜದ ಸಿಪ್ಪೆ ತೀರಾ ನಾಜೂಕು, ಕಿತ್ತರೆ ಮೊಳಕೆಗೆ ಪೆಟ್ಟು. ನೆರಳಲ್ಲಿ ಒಣಗಿಸಿ ಅಂದೇ ಬಿತ್ತಿ.

ನಿಜವಾದ ತೊಡಕು ರಂಜಕದ್ದು (ಫಾಸ್ಫರಸ್). ಸೋಯಾಬೀನ್‌ಗೆ ಎಕರೆಗೆ ಸುಮಾರು 32 ಕೆ.ಜಿ. ರಂಜಕದ ಶಿಫಾರಸಿದೆ. ನಿಮ್ಮ ಒಂದು ಚೀಲ ಡಿಎಪಿಯಲ್ಲಿ ಇರುವುದು 23 ಕೆ.ಜಿ. ಒಂದು ಟನ್ ತಿಪ್ಪೆಗೊಬ್ಬರದಲ್ಲಿ ಸಿಗುವುದು ಸುಮಾರು 2 ಕೆ.ಜಿ. ಅಷ್ಟನ್ನೂ ಅದರಿಂದಲೇ ಕೊಡಬೇಕೆಂದರೆ ಎಕರೆಗೆ 16 ಟನ್ ಬೇಕು! ಮೂರು ದನದ ಸಗಣಿಯಿಂದ ಆಗದ ಮಾತು. ರಾಕ್ ಫಾಸ್ಫೇಟನ್ನು (ರಂಜಕವಿರುವ ಕಲ್ಲಿನ ಪುಡಿ) ನೇರ ಹೊಲಕ್ಕೆ ಚೆಲ್ಲಿದರೂ ಸುಣ್ಣದಂಶ ಹೆಚ್ಚಿರುವ ಎರೆ ಮಣ್ಣಿನಲ್ಲಿ ಅದು ಕರಗುವುದಿಲ್ಲ. ತಿಪ್ಪೆ ತುಂಬುವಾಗಲೇ ಸಗಣಿ, ಕಸಕಡ್ಡಿಯ ಪದರದ ಮೇಲೆ ಅದನ್ನು ಉದುರಿಸಿ, ಹಸಿ ಆರದಂತೆ ಮೂರ್ನಾಲ್ಕು ತಿಂಗಳು ಕೊಳೆಸಿ. ರಾಶಿಯಾದ ಮೇಲೆ ಸೋಯಾ ಹೊಟ್ಟನ್ನು ಸುಡಬೇಡಿ, ಅದೂ ತಿಪ್ಪೆಗೇ ಹೋಗಲಿ. ಹೀಗೆ ಕಳಿತ ಗೊಬ್ಬರವನ್ನು ಬಿತ್ತುವ ಎರಡು–ಮೂರು ವಾರ ಮೊದಲು ಎಕರೆಗೆ 2 ಟನ್ನಿನಂತೆ ಹರವಿ, ಕುಂಟೆ ಹೊಡೆದು ಮಣ್ಣಿಗೆ ಬೆರೆಸಿ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು, ಕಳೆ ಎರಡನ್ನೂ ಕರೆದಂತೆ.

ಜೀವಾಮೃತ ಕೊಡಿ, ಬೇಡವೆನ್ನುವುದಿಲ್ಲ. ಆದರೆ ಅದರಲ್ಲಿರುವ ಪೋಷಕಾಂಶ ಅತ್ಯಲ್ಪ. ಗೊಬ್ಬರದ ಬದಲಿ ಎಂದು ನಂಬಬೇಡಿ.

ನಾಲ್ಕೂ ಎಕರೆಯಲ್ಲಿ ಒಮ್ಮೆಲೇ ಡಿಎಪಿ ನಿಲ್ಲಿಸಿದರೆ ಮೊದಲ ವರ್ಷಗಳಲ್ಲಿ ಇಳುವರಿ ಬೀಳುವ ಸಂಭವ ಇದ್ದೇ ಇದೆ. ಈ ಸಲ ಒಂದೇ ಎಕರೆ ಪೂರ್ತಿ ಸಾವಯವ ಮಾಡಿ. ಉಳಿದ ಮೂರಕ್ಕೆ ಬೀಜೋಪಚಾರ, ತಿಪ್ಪೆಗೊಬ್ಬರದ ಜತೆ ಡಿಎಪಿ ಇರಲಿ. ಬೇಸಿಗೆಯಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ರಂಜಕ ಎಷ್ಟಿದೆ ನೋಡಿ ಮುಂದೆ ಡಿಎಪಿ ಇಳಿಸುತ್ತ ಬನ್ನಿ. ರಾಶಿ ಮಾಡುವಾಗ ಆ ಒಂದು ಎಕರೆಯ ಕಾಳನ್ನು ಬೇರೆ ತೂಗಿ, ಬರೆದಿಟ್ಟುಕೊಳ್ಳಿ.