ಹೊರದೇಶದ ದುಡಿಮೆ ಮುಗಿಸಿ ಮರಳಿದ ಮಹಿಳೆಯರಿಗೆ ಮೊದಲು ಏನು ಕಲಿಸಬೇಕು?

ಹೊರದೇಶಗಳಲ್ಲಿ ಮನೆಗೆಲಸ ಮಾಡಿ ಮರಳಿದ ಮಹಿಳೆಯರಿಗಾಗಿ ಸಂಜೆ ತರಗತಿ ತೆರೆಯಲಿರುವ ತಾವು, ಹೊಲಿಗೆ ತರಬೇತಿಯಿಂದ ಆರಂಭಿಸಬಹುದೇ ಎಂದು ಕೇಳಿದ್ದೀರಿ. ಇಂಥ ತರಗತಿಗಳಲ್ಲಿ ಕೆಲವು ವರ್ಷ ಕಲಿಸಿದವಳಾಗಿ ಹೇಳುವುದಾದರೆ, ಹೊಲಿಗೆ ಯಂತ್ರ ಸ್ವಲ್ಪ ಕಾಯಲಿ. ಮೊದಲ ವಾರಗಳನ್ನು ಅವರವರ ಲೆಕ್ಕಕ್ಕೂ ಕಾಗದಪತ್ರಗಳಿಗೂ ಮೀಸಲಿಡಿ.

ಮರಳಿದವರಿಗೆ ಏನೂ ತಿಳಿಯದೆಂದು ಭಾವಿಸಿಯೇ ಎಷ್ಟೋ ತರಬೇತಿಗಳು ರೂಪುಗೊಳ್ಳುತ್ತವೆ. ಪರಭಾಷೆಯನ್ನು ಬರೀ ಕೇಳಿಯೇ ಕಲಿತು, ಹಾಸಿಗೆ ಹಿಡಿದ ವೃದ್ಧರಿಗೆ ಹೊತ್ತುಹೊತ್ತಿಗೆ ಔಷಧಿ ಕೊಟ್ಟು, ಇನ್ನೊಬ್ಬರ ಸಂಸಾರವನ್ನೇ ನಿಭಾಯಿಸಿ ಬಂದವರಲ್ಲಿ ಇಲ್ಲದಿರುವುದು ತಿಳಿವಳಿಕೆಯಲ್ಲ, ಅದಕ್ಕೊಂದು ಪ್ರಮಾಣಪತ್ರ. ಪೂರ್ವಕಲಿಕೆಗೆ, ಅಂದರೆ ದುಡಿಮೆಯಲ್ಲೇ ಕಲಿತದ್ದಕ್ಕೆ, ಮಾನ್ಯತೆ ನೀಡುವ ವ್ಯವಸ್ಥೆ ತಮ್ಮಲ್ಲಿದ್ದರೆ ಮೊದಲು ಅದನ್ನು ವಿಚಾರಿಸಿ.

ನನ್ನ ತರಗತಿಗೆ ಬರುತ್ತಿದ್ದ ಒಬ್ಬರು, ಒಂಬತ್ತು ವರ್ಷ ಮನೆಗೆ ಹಣ ಕಳುಹಿಸಿದ ರಸೀದಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಓದಲು ಬಾರದಿದ್ದರೂ ಒಂದನ್ನೂ ಎಸೆದಿರಲಿಲ್ಲ. ಅವನ್ನು ನೆಲದ ಮೇಲೆ ವರ್ಷವಾರು ಹರಡಿ, ಕೂಡುವ ಲೆಕ್ಕವನ್ನು ಅದರಲ್ಲೇ ಕಲಿತೆವು. ಒಟ್ಟು ಮೊತ್ತವನ್ನು ಸ್ವತಃ ಬರೆದು, ಆ ಅಂಕಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಮರುವಾರ ಮನೆಯ ಹಕ್ಕುಪತ್ರವನ್ನೇ ತಂದು, ‘ಇದರಲ್ಲಿ ನನ್ನ ಹೆಸರು ಎಲ್ಲಿದೆ, ತೋರಿಸಿ’ ಎಂದರು. ಇರಲಿಲ್ಲ. ಅಂದಿನಿಂದ ಅವರು ಒಂದು ದಿನವೂ ತರಗತಿ ತಪ್ಪಿಸಲಿಲ್ಲ.

ಶಿಕ್ಷಣತಜ್ಞ ಪಾವ್ಲೋ ಫ್ರೇರೆ 1963ರಲ್ಲಿ ಬ್ರೆಜಿಲ್‌ನ ಅಂಜಿಕೋಸ್ ಪಟ್ಟಣದಲ್ಲಿ ಸುಮಾರು 300 ಮಂದಿಗೆ ಓದು ಕಲಿಸಹೊರಟಾಗ ಆರಿಸಿಕೊಂಡದ್ದು ಕಲಿಯುವವರ ಬದುಕಿನ ಪದಗಳನ್ನೇ. ನಮ್ಮಲ್ಲಿ ಆ ಪದಗಳು ಒಪ್ಪಂದ, ಸಂಬಳ ಬಾಕಿ, ರಜೆ, ಸಹಿ ಎಂಬವಾಗಿದ್ದವು. ಮತ್ತೆ ಹೊರಡುವವರೂ ಇರುತ್ತಾರೆ, ಅವರನ್ನು ತಡೆಯುವುದು ನಮ್ಮ ಕೆಲಸವಲ್ಲ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಅಂಗೀಕರಿಸಿದ 189ನೆಯ ಒಡಂಬಡಿಕೆಯ ಪ್ರಕಾರ ಪಾಸ್‌ಪೋರ್ಟನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವ ಹಕ್ಕು ಮನೆಗೆಲಸದವರಿಗಿದೆಯೆಂಬುದನ್ನೂ, ಹೋಗಲಿರುವ ದೇಶ ಆ ಒಡಂಬಡಿಕೆಯನ್ನು ಅನುಮೋದಿಸಿದೆಯೇ ಎಂಬುದನ್ನೂ ಅವರು ತಿಳಿದುಕೊಂಡೇ ಹೋಗಲಿ.

ಮಕ್ಕಳನ್ನು ಜೊತೆಗೆ ಕರೆತರಲು ಅವಕಾಶ ಕೊಡಿ, ಇಲ್ಲವಾದರೆ ತಿಂಗಳೊಳಗೆ ಅರ್ಧ ತರಗತಿ ಖಾಲಿಯಾಗುತ್ತದೆ. ಹೊರದೇಶದಲ್ಲಿ ಏನಾಯಿತೆಂದು ದಯವಿಟ್ಟು ಯಾರನ್ನೂ ಕೆದಕಬೇಡಿ; ಹೇಳಬೇಕೆನಿಸಿದವರು ಪಾಠ ಮುಗಿದ ಮೇಲೆ ತಾವಾಗಿಯೇ ಉಳಿಯುತ್ತಾರೆ, ಆಗ ಅವಸರವಿಲ್ಲದೆ ಕೇಳಿಸಿಕೊಳ್ಳಿ. ಹೊಲಿಗೆ ಯಂತ್ರವನ್ನು ಅವರೇ ಬೇಕೆಂದು ಕೇಳಿದ ದಿನ ತರಿಸಿದರೆ ಸಾಕು.