ಗಾಢ ನೇರಳೆ ಬಣ್ಣದ ಹಳೇ ಸೀಮೆಎಣ್ಣೆ ದೀಪ ತಗೋಬಹುದಾ? ಬಣ್ಣ ಇಲ್ಲದ ದೀಪನ ಬಿಸಿಲಿಗಿಟ್ರೆ ನೇರಳೆ ಆಗುತ್ತಾ?

ನೀವು ಕೇಳಿರೋದು ಎರಡು ವಿಷಯ. ಆನ್‌ಲೈನಲ್ಲಿ ಒಬ್ರು 1890ರ ಅಮೆರಿಕನ್ ದೀಪ, ಬಿಸಿಲಿಗೇ ಈ ಬಣ್ಣ ಬಂದಿದೆ ಅಂತ ಗಾಢ ನೇರಳೆ ದೀಪ ಮಾರ್ತಿದ್ದಾರೆ, ತಗೋಬಹುದಾ ಅಂತ. ಇನ್ನೊಂದು, ನಿಮ್ಮ ಹತ್ರ ಇರೋ ಬಣ್ಣ ಇಲ್ಲದ ಹಳೇ ದೀಪನ ಮಹಡಿ ಮೇಲೆ ಬಿಸಿಲಿಗಿಟ್ರೆ ಅದೂ ಹಾಗಾಗುತ್ತಾ ಅಂತ. ಮೊದಲನೇದು ಬೇಡ ಅಂತೀನಿ. ಎರಡನೇದು, ಆಗಬಹುದು, ಆದ್ರೆ ದಯವಿಟ್ಟು ಇಡಬೇಡಿ.

ನಾನು ಹೊಸಪೇಟೆ ಕಡೆಯೋನು, ಈಗಿರೋದು ಅರಿಜೋನಾದಲ್ಲಿ, ಹನ್ನೊಂದು ವರ್ಷದಿಂದ ಈ ದೀಪಗಳನ್ನ ಕೂಡಿಸ್ತಾ ಬಂದಿದ್ದೀನಿ. ಚಿಕ್ಕಂದಲ್ಲಿ ಕರೆಂಟ್ ಹೋದ್ರೆ ಬೇಕಾಗುತ್ತೆ ಅಂತ ಸಂಜೆ ಕಂದೀಲಿನ ಗ್ಲಾಸನ್ನ ಬೂದಿ ಹಾಕಿ ಪೇಪರ್ ತುರುಕಿ ಒರೆಸೋ ಕೆಲಸ ನಂದೇ ಆಗಿತ್ತು, ಆ ಪ್ರೀತಿ ಇನ್ನೂ ಹೋಗಿಲ್ಲ.

ಮೊದ್ಲು ಬಣ್ಣದ ವಿಷಯ ಹೇಳ್ತೀನಿ. ಗಾಜು ಮಾಡೋ ಮರಳಲ್ಲಿ ಕಬ್ಬಿಣದ ಅಂಶ ಇದ್ದೇ ಇರುತ್ತೆ, ಅದರಿಂದ ಗಾಜಿಗೆ ಹಸಿರು ಛಾಯೆ ಬರುತ್ತೆ, ನಮ್ಮ ಗೋಲಿ ಸೋಡಾ ಬಾಟ್ಲಿ ಇತ್ತಲ್ಲ ಹಾಗೆ. ಆ ಹಸಿರು ಕಾಣಬಾರ್ದು ಅಂತ ಸ್ವಲ್ಪ ಮ್ಯಾಂಗನೀಸ್ ಡೈಆಕ್ಸೈಡ್ ಹಾಕ್ತಿದ್ರು. ಸಂಡೂರಿನ ಗುಡ್ಡದಲ್ಲಿ ಅಗೆಯೋದೂ ಮ್ಯಾಂಗನೀಸೇ. ಅದಿರು ಲಾರಿ ಹೋದ್ಮೇಲೆ ರಸ್ತೆ ಪಕ್ಕದ ಎಲೆ ಮೇಲೆಲ್ಲ ಕರೀ ಪುಡಿ ಕೂತಿರೋದು ನೋಡ್ಕೊಂಡೇ ಬೆಳೆದೋನು ನಾನು, ಅದೇ ಕಪ್ಪು ವಸ್ತು ಗಾಜನ್ನ ನೀರಿನ ಥರ ತಿಳಿ ಮಾಡುತ್ತೆ ಅಂತ ಗೊತ್ತಾದಾಗ ಎಷ್ಟು ಖುಷಿಯಾಯ್ತು ಅಂದ್ರೆ ಅವತ್ತೇ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ. ಆದ್ರೆ ಬಿಸಿಲಿನ ಅಲ್ಟ್ರಾವಯಲೆಟ್ (ಯುವಿ) ಕಿರಣ ವರ್ಷಗಟ್ಟಲೆ ಬಿದ್ರೆ ಆ ಮ್ಯಾಂಗನೀಸ್ ಒಂದು ಎಲೆಕ್ಟ್ರಾನ್ ಕಳ್ಕೊಳ್ಳುತ್ತೆ, ಆಗ ಗಾಜು ನಿಧಾನಕ್ಕೆ ನೇರಳೆ ಬಣ್ಣಕ್ಕೆ ತಿರುಗುತ್ತೆ. ಇದು ಹೊಸ ವಿಷಯ ಏನಲ್ಲ, 1820ರ ದಶಕದಲ್ಲೇ ವಿಜ್ಞಾನಿ ಮೈಕೆಲ್ ಫ್ಯಾರಡೆ ಕಿಟಕಿ ಗಾಜಿನ ತುಂಡು ಬಿಸಿಲಿಗಿಟ್ಟು ನೋಡಿದ್ರು. ಬಾಸ್ಟನ್‌ನ ಬೀಕನ್ ಹಿಲ್‌ನಲ್ಲಿ ಕೆಲವು ಹಳೇ ಮನೆಗಳ ಕಿಟಕಿ ಇವತ್ತಿಗೂ ನೇರಳೆಯಾಗಿರೋದು ಇದಕ್ಕೇ.

ಅಮೆರಿಕದಲ್ಲಿ 1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಎಣ್ಣೆ ಬಾವಿ ಕೊರೆದ್ಮೇಲೆ ಸೀಮೆಎಣ್ಣೆ ಅಗ್ಗ ಆಯ್ತು, 1864ರಲ್ಲಿ ವೆಸ್ಟ್ ವರ್ಜೀನಿಯಾದ ವೀಲಿಂಗ್‌ನ ಗಾಜಿನ ಕಾರ್ಖಾನೆಯಲ್ಲಿ ವಿಲಿಯಂ ಲೇಟನ್ ಅನ್ನೋರು ಸೀಸ ಇಲ್ಲದ ಸೋಡಾ-ಸುಣ್ಣದ ಗಾಜನ್ನ ಚೆನ್ನಾಗಿ ಬರೋ ಹಾಗೆ ಮಾಡಿದ್ಮೇಲೆ ಗಾಜೂ ಅಗ್ಗ ಆಯ್ತು, ಹಾಗಾಗಿ ಅಚ್ಚಿನಲ್ಲಿ ಒತ್ತಿದ ದೀಪಗಳು ಮನೆಮನೆಗೂ ಬಂದ್ವು. ಮ್ಯಾಂಗನೀಸ್ ಹೆಚ್ಚಾಗಿ ಸಿಗೋದು ಸುಮಾರು 1880ರಿಂದ ಮೊದಲ ಮಹಾಯುದ್ಧದವರೆಗಿನ ಗಾಜಲ್ಲಿ. ಆಮೇಲೆ ಅದರ ಬದಲು ಸೆಲೆನಿಯಂ ಹಾಕೋಕೆ ಶುರುಮಾಡಿದ್ರು, ಅದು ಬಿಸಿಲಿಗೆ ನೇರಳೆ ಆಗಲ್ಲ, ತೆಳ್ಳಗೆ ಒಣಹುಲ್ಲಿನ ಬಣ್ಣಕ್ಕೆ ಬರುತ್ತೆ.

ಈಗ ನನ್ನ ಮನೇಲಿ ಆಗಿದ್ದು ಹೇಳ್ತೀನಿ. ಬೆರಳು ತೂರಿಸೋ ಹಿಡಿಕೆ ಇರೋ ಒಂದು ಚಿಕ್ಕ ದೀಪ ಇತ್ತು, ಫಿಂಗರ್ ಲ್ಯಾಂಪ್ ಅಂತಾರೆ ಇಲ್ಲಿ, ತಂದಾಗ ಬಣ್ಣವೇ ಇರ್ಲಿಲ್ಲ. ದಕ್ಷಿಣದ ಕಿಟಕಿ ಹಲಗೆ ಮೇಲೆ ಆರು ವರ್ಷ ಇಟ್ಟಿದ್ದೆ. ಒಂದಿನ ತೊಳೆಯೋಕೆ ಅಂತ ಬಿಸಿನೀರಲ್ಲಿ ನೆನೆಹಾಕಿದೆ, ಅದು ನಾನು ಮಾಡಿದ ತಪ್ಪು, ಬತ್ತಿ ಇರೋ ಬರ್ನರ್ ಕೂರೋ ಹಿತ್ತಾಳೆ ಕಾಲರನ್ನ ಹಿಡಿದಿದ್ದ ಪ್ಲಾಸ್ಟರ್ ಪುಡಿಪುಡಿಯಾಗಿ ಕಾಲರ್ ಕೈಗೇ ಬಂತು. ಕೆಳಗಿನ ಗಾಜು ನೋಡಿದ್ರೆ, ಕಾಲರ್ ಮುಚ್ಚಿದ್ದ ಒಂದು ಬೆರಳಗಲದ ಕತ್ತು ತಿಳಿನೀರಿನ ಥರ, ಅದರ ಕೆಳಗೆ ಗೆರೆ ಎಳೆದ ಹಾಗೆ ತೆಳು ನೇರಳೆ, ಕಿಟಕಿ ಕಡೆ ಇದ್ದ ಮೈ ಸ್ವಲ್ಪ ಜಾಸ್ತಿ, ಗೋಡೆ ಕಡೆ ಇದ್ದ ಮೈ ಕಮ್ಮಿ. ನನ್ನ ಹೆಂಡ್ತಿ ಅದನ್ನ ಬಿಳಿ ಟವೆಲ್ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡಿದ್ಲು, ಬದನೆ ಹೂವಿನ ಬಣ್ಣ ಅಂದ್ಲು. ನಿಜವಾಗ್ಲೂ ಅಷ್ಟೇ ಇತ್ತು, ಅದಕ್ಕಿಂತ ಗಾಢ ಇರ್ಲಿಲ್ಲ.

ನಿಮ್ಮ ಲಿಂಕಲ್ಲಿರೋ ದೀಪ ಬದನೆ ಹೂವಲ್ಲ, ಬದನೆಕಾಯಿ ಬಣ್ಣ. ಅಷ್ಟು ಗಾಢ, ಅದೂ ಎಲ್ಲಾ ಕಡೆ ಒಂದೇ ಸಮ ಇದ್ರೆ ನನಗೆ ಮೊದ್ಲು ಅನುಮಾನ ಬರೋದು ಯಂತ್ರದ ಮೇಲೆ. ಗಾಮಾ ಕಿರಣಕ್ಕೋ ಕ್ರಿಮಿ ಕೊಲ್ಲೋ ಯುವಿ ದೀಪಕ್ಕೋ ಒಡ್ಡಿದ್ರೆ ವರ್ಷಗಟ್ಟಲೆ ಆಗೋದು ಕೆಲವೇ ದಿನದಲ್ಲಿ ಆಗುತ್ತೆ. ಅದರಿಂದ ಗಾಜು ವಿಕಿರಣ ಬಿಡುತ್ತೆ ಅನ್ನೋ ಭಯ ಬೇಡ, ಹಾಗಾಗಲ್ಲ. ಆದ್ರೆ ರಸಾಯನ ಎರಡರಲ್ಲೂ ಒಂದೇ ಆಗಿರೋದ್ರಿಂದ ಮನೇಲಿ ಸುಲಭವಾಗಿ ಪರೀಕ್ಷೆ ಮಾಡೋಕಾಗಲ್ಲ, ಕಣ್ಣಲ್ಲೇ ನೋಡಿ ಹೇಳ್ಬೇಕು. ಅದೇ ಮಾರೋರ ಬೇರೆ ಸಾಮಾನೂ ನೋಡಿ. ಲೋಟ, ಉಪ್ಪಿನ ಡಬ್ಬಿ, ಬಾಟ್ಲಿ ಎಲ್ಲಾ ಅದೇ ನೇರಳೆ, ನಡುನಡುವೆ ಹೊಗೆ ಹಿಡಿದಂಥ ಕಂದು ಗಾಜೂ ಇದ್ರೆ ಬಿಟ್ಬಿಡಿ, ಮ್ಯಾಂಗನೀಸ್ ಇಲ್ಲದ ಗಾಜಿಗೆ ಗಾಮಾ ಕೊಟ್ರೆ ಆ ಕಂದು ಬರುತ್ತೆ. ಬತ್ತಿ ಏರಿಸೋ ಚಕ್ರದ ಮೇಲೆ ಪ್ಲೂಮ್ ಅಂಡ್ ಆಟ್‌ವುಡ್ ಅಂತ ಬರ್ನರ್ ಮಾಡಿದ ಕಂಪನಿ ಹೆಸರಿದೆ, ಅದಕ್ಕೆ ಒರಿಜಿನಲ್ ಅಂತ ಅವರು ಬರ್ದಿದ್ದಾರೆ, ಅದನ್ನ ನಂಬ್ಕೊಂಡು ಕಾಲ ಲೆಕ್ಕ ಹಾಕಬೇಡಿ. ಬರ್ನರ್ ತಿರುಪಿನದ್ದು, ಯಾವ ದೀಪದ್ದು ಯಾವುದಕ್ಕೆ ಬೇಕಾದ್ರೂ ಹೋಗಿರುತ್ತೆ.

ಇನ್ನು ನಿಮ್ಮ ದೀಪ. ಕತ್ತಲಲ್ಲಿ ಒಂದು ಯುವಿ ಟಾರ್ಚ್ ಬಿಟ್ಟು ನೋಡಿ. ಮಂಕಾಗಿ ಹಸಿರು ಹೊಳೆದ್ರೆ ಮ್ಯಾಂಗನೀಸ್ ಇರೋ ಸಾಧ್ಯತೆ ಜಾಸ್ತಿ, ಕಣ್ಣು ಕುಕ್ಕೋ ಹಸಿರಾದ್ರೆ ಅದು ಯುರೇನಿಯಂ ಗಾಜು, ಅದು ಬೇರೆ ಕಥೆ. ಮ್ಯಾಂಗನೀಸ್ ಇದೆ ಅಂತಾದ್ರೆ ಮಹಡಿ ಮೇಲೆ ನಿಧಾನಕ್ಕೆ ನೇರಳೆ ಬರುತ್ತೆ, ಆದ್ರೆ ಅದನ್ನ ಮಾಡಿದೋರು ಅಷ್ಟು ಕಷ್ಟಪಟ್ಟಿದ್ದೇ ಬಣ್ಣ ಕಾಣಬಾರ್ದು ಅಂತ. ನೂರು ವರ್ಷಕ್ಕೂ ಮೇಲೆ ಅದು ಹಾಗೇ ಉಳ್ಕೊಂಡಿದೆ, ಅದನ್ನ ನಾವು ಬಿಸಿಲಿಗಿಟ್ಟು ಕಳೀಬಾರ್ದು. ವಾಪಸ್ ತರೋಕೆ ಗಾಜನ್ನ ಭಟ್ಟಿಯಲ್ಲಿ ನೂರಾರು ಡಿಗ್ರಿ ಕಾಯಿಸ್ಬೇಕು, ಹಳೇ ಅಚ್ಚಿನ ಗಾಜು ಅಲ್ಲೇ ಸೀಳಿ ಹೋಗಬಹುದು.

ತೊಳೆಯೋದಾದ್ರೆ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು, ಒಳಗೆ ಒಂದು ಹಿಡಿ ಅಕ್ಕಿ ಹಾಕಿ ಮೆಲ್ಲಗೆ ಅಲ್ಲಾಡಿಸಿ, ಅಂಟಿದ ಎಣ್ಣೆ ಜಿಡ್ಡು ಬಿಡುತ್ತೆ. ಕಾಲರ್‌ಗೆ ಮಾತ್ರ ನೀರು ತಾಗಿಸಬೇಡಿ. ನನ್ನ ಫಿಂಗರ್ ಲ್ಯಾಂಪಿಗೆ ಹೊಸ ಪ್ಲಾಸ್ಟರ್ ಹಾಕಿ ಕಾಲರ್ ಕೂರಿಸಿದ್ದೀನಿ, ಈಗ ಒಳಗಿನ ಕೋಣೇಲಿ, ಬಿಸಿಲೇ ಬರದ ಕಪಾಟಿನಲ್ಲಿದೆ.