ಏರಿನಲ್ಲಿ ಮುಂದಿನ ಚಕ್ರ ಮೇಲೆದ್ದರೆ?

ಪ್ರಶ್ನೆ: ನಮ್ಮ ಮನೆ ಗಾಳಿಬೀಡು ಕಡೆ, ಕಾಫಿ ತೋಟದ ಒಳಗೆ. ರಸ್ತೆಯಿಂದ ಮನೆಗೆ ಕಡಿದಾದ ಕಾಂಕ್ರೀಟ್ ಏರು. ಹೋದ ವಾರ ತುಂಬಿದ ಗ್ಯಾಸ್ ಸಿಲಿಂಡರನ್ನು ಬೈಕಿನ ಕ್ಯಾರಿಯರ್‌ಗೆ ಕಟ್ಟಿಕೊಂಡು ಹತ್ತುತ್ತಿದ್ದೆ. ದನ ಅಡ್ಡ ಬಂತೆಂದು ಅರ್ಧದಲ್ಲಿ ನಿಲ್ಲಿಸಿದೆ. ಮತ್ತೆ ಹೊರಟಾಗ ಮುಂದಿನ ಚಕ್ರ ಮೇಲೆದ್ದಿತು. ಬೈಕ್ ಮೈಮೇಲೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ನನ್ನದು ಬರೀ 150 ಸಿಸಿ. ಇದೂ ವೀಲಿ ಹೊಡೆಯುತ್ತಾ?

ಉತ್ತರ: ಹೊಡೆಯುತ್ತೆ. ಸಮತಟ್ಟಾದ ರಸ್ತೆಯಲ್ಲಿ ಅದಕ್ಕೆ ಕಷ್ಟ, ನಿಮ್ಮ ಏರಿನಲ್ಲಿ ಸುಲಭ. ಏರಿನಲ್ಲಿ ನಿಂತಾಗಲೇ ಮುಂದಿನ ಚಕ್ರ ಒಂದಷ್ಟು ಹಗುರಾಗಿರುತ್ತದೆ. ಮೇಲಿಂದ ಸಿಲಿಂಡರ್! ಗ್ಯಾಸೇ 14.2 ಕೆಜಿ, ಕಬ್ಬಿಣವೂ ಸೇರಿದರೆ ಹತ್ತಿರ ಹತ್ತಿರ 30 ಕೆಜಿ. ಆ ಭಾರ ಹಿಂದಿನ ಚಕ್ರದ ಆಕ್ಸೆಲ್‌ಗಿಂತ ಹಿಂದಕ್ಕೆ ಕೂತರೆ, ಮುಂಭಾಗ ಎತ್ತಲು ಹಾರೆ ಹಾಕಿದ ಹಾಗೆ. ಅಷ್ಟಾದ ಮೇಲೆ ಫಸ್ಟ್ ಗೇರಿನಲ್ಲಿ ಕ್ಲಚ್ ಪಟ್ಟನೆ ಬಿಟ್ಟರೆ ಇನ್ನೇನಾಗುತ್ತದೆ?

ಆದರೆ ಚಕ್ರ ಏಳುವುದೇ ಬೇರೆ, ಬೈಕ್ ಮಗುಚುವುದೇ ಬೇರೆ. ಮಗುಚುವುದು ಹೆಚ್ಚಾಗಿ ನಮ್ಮ ಬಲಗೈಯಿಂದ. ಮುಂಭಾಗ ಎದ್ದ ಕೂಡಲೇ ಮೈ ಹಿಂದಕ್ಕೆ ಜಾರುತ್ತದೆ. ಬೀಳಬಾರದೆಂದು ಹ್ಯಾಂಡಲ್‌ಗೆ ಜೋತು ಬೀಳುತ್ತೇವೆ. ಮಣಿಕಟ್ಟು ಕೆಳಗಿಳಿಯುತ್ತದೆ, ಆಕ್ಸಿಲರೇಟರ್ ಇನ್ನಷ್ಟು ತೆರೆಯುತ್ತದೆ. ಬಚಾವಾಗಲು ಹಿಡಿದ ಹಿಡಿತವೇ ಬೈಕನ್ನು ಮಗುಚುತ್ತದೆ. ನಾನೂ ಒಮ್ಮೆ ಹೀಗೇ ಬಿದ್ದಿದ್ದೇನೆ. ಎಂಜಿನ್‌ಗೆ ಬೈದೆ, ತಪ್ಪು ಕೈಯದ್ದಾಗಿತ್ತು.

ಹಾಗಾಗಿ ಹೊರಡುವ ಮುಂಚೆಯೇ ಕೈ ನೋಡಿಕೊಳ್ಳಿ. ಆಕ್ಸಿಲರೇಟರ್ ಪೂರ್ತಿ ಮುಚ್ಚಿರುವಾಗ ಮಣಿಕಟ್ಟು ಮೇಲಕ್ಕೆ ಉಬ್ಬಿರಬಾರದು. ಉಬ್ಬಿದ್ದರೆ ಒಂದೇ ಜಗ್ಗಿಗೆ ತುಂಬಾ ತಿರುಗುತ್ತದೆ. ಟ್ಯಾಂಕಿಗೆ ಒತ್ತಿ ಕೂತು ಎದೆ ಮುಂದಕ್ಕೆ ಬಾಗಿಸಿ. ಮೈ ಹಿಡಿದಿಡುವ ಕೆಲಸ ತೊಡೆಗಳದ್ದು, ಟ್ಯಾಂಕನ್ನು ಅವುಗಳಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಕೈಗಳು ಸಡಿಲವಾಗಿರಲಿ. ಎಡಗಾಲು ನೆಲದ ಮೇಲೆ, ಬಲಗಾಲು ಹಿಂದಿನ ಬ್ರೇಕಿನ ಮೇಲೆ. ಕ್ಲಚ್ ನಿಧಾನವಾಗಿ ಬಿಡುತ್ತಾ, ಎಂಜಿನ್ ಸದ್ದು ತಗ್ಗಿ ಬೈಕ್ ಮುಂದಕ್ಕೆ ಎಳೆಯಲು ಶುರು ಮಾಡಿದಾಗ ಬ್ರೇಕ್ ಬಿಡಿ. ಕ್ಲಚ್ ಮೇಲೆ ಎರಡು ಬೆರಳು ಇದ್ದೇ ಇರಲಿ.

ಆದರೂ ಎದ್ದರೆ ಕ್ಲಚ್ ಎಳೆಯಿರಿ. ಶಕ್ತಿ ಕಡಿತವಾದರೆ ಚಕ್ರ ಇಳಿಯುತ್ತದೆ. ಬೈಕ್ ಓಡುತ್ತಿದ್ದರೆ ಹಿಂದಿನ ಬ್ರೇಕ್ ಒತ್ತಿದರೂ ಮುಂಭಾಗ ಕೆಳಗೆ ಬರುತ್ತದೆ. ಮುಂದಿನ ಬ್ರೇಕ್ ಹಿಡಿಯಬೇಡಿ. ಗಾಳಿಯಲ್ಲಿರುವ ಚಕ್ರಕ್ಕೆ ಅದರಿಂದ ಉಪಯೋಗವಿಲ್ಲ, ಲಾಕ್ ಆಗಿ ನೆಲ ಮುಟ್ಟಿದರೆ ಬೀಳುತ್ತೀರಿ. ಹ್ಯಾಂಡಲ್ ನೇರವಾಗಿರಲಿ. ಚಕ್ರ ಇಳಿದ ಮೇಲೆ ಬೈಕ್ ಹಿಂದಕ್ಕೆ ಉರುಳದಂತೆ ಬ್ರೇಕ್ ಹಾಕಿ. ಕೈಮೀರಿ ನೆಟ್ಟಗಾಗಿಬಿಟ್ಟರೆ ಬೈಕ್ ಬಿಟ್ಟು ಪಕ್ಕಕ್ಕೆ ಸರಿಯಿರಿ. ಬಿದ್ದ ಬೈಕನ್ನು ರಿಪೇರಿ ಮಾಡಿಸಬಹುದು.

ಮಳೆಗಾಲದಲ್ಲಿ ಇನ್ನೊಂದು ಇದೆ. ಕೆಂಪು ಮಣ್ಣಿನ ಕೆಸರಲ್ಲೋ ಪಾಚಿಯಲ್ಲೋ ಹಿಂದಿನ ಚಕ್ರ ಸುಮ್ನೆ ಗರಗರ ತಿರುಗುತ್ತದೆ. ನೀವು ಇನ್ನೂ ಜಾಸ್ತಿ ಆಕ್ಸಿಲರೇಟರ್ ಕೊಡುತ್ತೀರಿ. ಅಷ್ಟರಲ್ಲಿ ಟೈರ್ ಒಣ ಕಾಂಕ್ರೀಟ್ ಮುಟ್ಟಿ ಗಪ್ಪನೆ ಹಿಡಿಯುತ್ತದೆ. ಎದ್ದೇಳುವುದು ಆಗಲೇ. ಚಕ್ರ ತಿರುಗಲು ಶುರುವಾದರೆ ಆಕ್ಸಿಲರೇಟರ್ ಇಳಿಸಿ.

ಕೇಬಲ್ ಕೂಡ ಒಮ್ಮೆ ನೋಡಿ. ಆಕ್ಸಿಲರೇಟರ್‌ನಲ್ಲಿ 2–3 ಮಿಲಿಮೀಟರ್ ಸಡಿಲ ಇರಬೇಕು. ಬೈಕನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಎಂಜಿನ್ ಆನ್ ಇಟ್ಟು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಸದ್ದು ಏರಿದರೆ ಕೇಬಲ್ ಬಿಗಿಯಾಗಿದೆ, ಅಲ್ವಾ? ಮೆಕ್ಯಾನಿಕ್ ಹತ್ತಿರ ಸರಿ ಮಾಡಿಸಿ.

ಇನ್ನು ಸಿಲಿಂಡರ್. ನಿಮ್ಮ ಕಡೆ ತೋಟಗಳಿಗೆ ಯಾವುದಾದರೂ ಜೀಪ್ ಹೋಗಿ ಬರುತ್ತಿರುತ್ತದೆ. ಅದರಲ್ಲಿ ಹಾಕಿ ಕಳಿಸಿ, ನೀವು ಖಾಲಿ ಬೈಕಿನಲ್ಲಿ ಹಿಂದೆ ಹೋಗಿ.